ಸಾವಿರದ ಮುನ್ನೂರ ನಲವತ್ತೆರಡು ಬಸ್ಸುಗಳ ಕಳವು

ಅಣ್ಣತಮ್ಮಂದಿರಿಗೆ ಹಂಚಿಕೊಳ್ಳಲು ಹೊಲವಾದರೂ ಇರುತ್ತದೆ. ಷಡ್ಡಕರಿಗೆ ಇರುವುದು ಅತ್ತೆ-ಮಾವನ ಮೆಚ್ಚುಗೆಯೊಂದೇ, ಅದಕ್ಕೆ ಸರ್ವೆ ಮಾಡಿಸಿ ಬದು ಹಾಕಿಸಲು ಬರುವುದಿಲ್ಲ. ಆದ್ದರಿಂದ ಅಕ್ಕನ ಗಂಡನೂ ತಂಗಿಯ ಗಂಡನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರೆ, ಪಕ್ಕದ ಎಲೆಯ ಮೇಲೆ ಒಂದು ಕಣ್ಣಿಟ್ಟೇ ಉಣ್ಣುವುದು ಲೋಕರೂಢಿ. ಕೊಟ್ಟೂರಿನ ಪಾಲಾಕ್ಷ ಮಾತ್ರ ಎರಡೂ ಕಣ್ಣಿಟ್ಟು ಉಣ್ಣುತ್ತಿದ್ದ. ತನ್ನ ಎಲೆಯಲ್ಲಿ ಏನಿತ್ತೆಂದು ಕೇಳಿದರೆ ಅವನಿಗೆ ನೆನಪಿರುತ್ತಿರಲಿಲ್ಲ.

ಪಾಲಾಕ್ಷನಿಗೆ ನಲವತ್ತೊಂದು ವರ್ಷ. ಬಸ್‌ಸ್ಟ್ಯಾಂಡಿನ ಎದುರಿಗೆ ಜೆರಾಕ್ಸ್ ಅಂಗಡಿ, ಅದರೊಳಗೆ ಒಂದು ಕಂಪ್ಯೂಟರು. ಹೆಂಡತಿ ರೇಣುಕಾ ಹೊಲಿಗೆ ಕಲಿಸುವ ಟೀಚರು. ಸೋಮವಾರ ಹಡಗಲಿ ಕಡೆ, ಮಂಗಳವಾರ ಹಗರಿಬೊಮ್ಮನಹಳ್ಳಿ ಕಡೆ, ಹೀಗೆ ವಾರವೆಲ್ಲ ಬಸ್ಸಿನಲ್ಲಿ ಊರೂರು ತಿರುಗುವವಳು. ಅವಳ ತಂಗಿ ಅರ್ಚನಾಳ ಗಂಡನೇ ಪ್ರವೀಣಕುಮಾರ್. ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಪಾಲಾಕ್ಷನಿಗಿಂತ ಒಂಬತ್ತು ವರ್ಷ ಚಿಕ್ಕವನು, ಮೂರು ಬೆರಳು ಎತ್ತರದವನು, ತಲೆಯ ತುಂಬ ಕೂದಲಿರುವವನು. ಇಷ್ಟು ಸಾಲದೆಂಬಂತೆ ವಿನಯವಂತ ಬೇರೆ. ಮಾತಿಗೊಮ್ಮೆ ‘ಅಣ್ಣಾರ’ ಎನ್ನುತ್ತಿದ್ದ. ಬೈದರೆ ತಿರುಗಿಸಿ ಬೈಯಬಹುದು, ವಿನಯಕ್ಕೆ ಏನು ಮಾಡಲು ಬರುತ್ತದೆ?

ಪಾಲಾಕ್ಷನ ಜೀವಮಾನದ ಸಾಧನೆಯೆಂದರೆ ಒಂದು ಫೈಲು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸುತ್ತ ಓಡಾಡುವ ಬಸ್ಸುಗಳು ಯಾವ ಕ್ರಾಸಿಗೆ, ಯಾವ ಹಳ್ಳಿಗೆ ಎಷ್ಟು ಹೊತ್ತಿಗೆ ಬರುತ್ತವೆ ಎಂಬುದರ ಪಟ್ಟಿ ಅದು. ಸ್ಟ್ಯಾಂಡಿನ ಬೋರ್ಡಿನಲ್ಲಿ ಬಸ್ಸು ಹೊರಡುವ ಹೊತ್ತು ಮಾತ್ರ ಇರುತ್ತದೆ. ದಾರಿಯಲ್ಲಿ ನಿಂತು ಕಾಯುವವರಿಗೆ ದೇವರೇ ದಿಕ್ಕು. ಆರು ವರ್ಷದ ಹಿಂದೆ ಪಾಲಾಕ್ಷ ಈ ಪಟ್ಟಿ ಶುರು ಮಾಡಿದ. ಒಂದು ಸಾಲಿಗೆ ಒಂದು ಬಸ್ಸು, ಒಟ್ಟು ಸಾವಿರದ ಮುನ್ನೂರ ನಲವತ್ತೆರಡು ಸಾಲು. ರೇಣುಕಾ ಹೇಗೂ ಬಸ್ಸಿನಲ್ಲಿ ಕೂತಿರುತ್ತಾಳಲ್ಲ, ಅವಳೂ ನಾಲ್ಕಾರು ತುಂಬಲಿ ಎಂದು ಅವಳ ಫೋನಿನಲ್ಲಿ ಅವಳ ಹೆಸರಿನದೊಂದು ಖಾತೆ ತೆರೆದುಕೊಟ್ಟಿದ್ದ. ಮುಂದೆ ಪ್ರವೀಣಕುಮಾರ್ ಆ ಪಟ್ಟಿಯನ್ನು ಜನ ತಮ್ಮ ಫೋನಿನಲ್ಲಿ ನೋಡುವ ಹಾಗೆ ಮಾಡಿಕೊಟ್ಟ. ಪ್ರವೀಣಕುಮಾರನ ಉಪಕಾರ ತೆಗೆದುಕೊಂಡ ದಿನ ಪಾಲಾಕ್ಷನಿಗೆ ಅಜೀರ್ಣವಾಗಿತ್ತು, ಆ ಮಾತು ಬೇರೆ.

ಆ ಫೈಲನ್ನು ಇಂಟರ್ನೆಟ್ಟಿನಲ್ಲಿ ಎಲ್ಲರೂ ಮುಟ್ಟಬಹುದಾದ ಒಂದು ಜಾಗದಲ್ಲಿ ಇಟ್ಟಿದ್ದರು. ಅಲ್ಲಿ ಒಂದು ವಿಶೇಷವಿತ್ತು. ಒಂದು ಗುಂಡಿ ಒತ್ತಿದರೆ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಕೊನೆಗೆ ಬರೆದವರ ಹೆಸರು ಕಾಣುತ್ತಿತ್ತು, ಪಹಣಿಯಲ್ಲಿ ಹೊಲದ ಎದುರಿಗೆ ಹೆಸರಿರುವ ಹಾಗೆ. ಪಾಲಾಕ್ಷ, ಪಾಲಾಕ್ಷ, ಪಾಲಾಕ್ಷ. ಮೇಲಿನಿಂದ ಕೆಳಗಿನ ತನಕ ಪಾಲಾಕ್ಷ. ರೇಷನ್ ಕಾರ್ಡಿನ ಜೆರಾಕ್ಸಿಗೆ ಬಂದ ಮುದುಕಿಯರು ಕೂಡ ಇದನ್ನು ಪೂರ್ತಿ ನೋಡದೆ ಅಂಗಡಿಯಿಂದ ಹೊರಗೆ ಹೋಗುವಂತಿರಲಿಲ್ಲ.

ಇದು ಉಚ್ಚಂಗೆಪ್ಪನವರ ಕಿವಿಗೆ ಬಿತ್ತು. ಅವರು ನಿವೃತ್ತ ಹೆಡ್‌ಮಾಸ್ತರು, ಐದು ತಾಲ್ಲೂಕುಗಳ ಪ್ರಯಾಣಿಕರ ವೇದಿಕೆಯ ಅಧ್ಯಕ್ಷರು, ಕಾರ್ಯದರ್ಶಿಗಳು, ಮತ್ತು ಬಹುಮಟ್ಟಿಗೆ ಸದಸ್ಯರು. “ಈ ಕೆಲಸಕ್ಕ ಒಂದು ಸನ್ಮಾನ ಆಗಬೇಕ್ರಿ,” ಎಂದರು. “ಶಾಲು, ಹಾರ, ಹಣ್ಣಿನ ಬುಟ್ಟಿ. ಆದರ ಒಂದು ಮಾತು. ನಾನು ಮುಖಾ ನೋಡಿ ಹೊದಿಸಾಂವ ಅಲ್ಲ, ದಾಖಲಿ ನೋಡಿ ಹೊದಿಸಾಂವ. ಆ ಸಾಲಿನ ಪಕ್ಕದಾಗ ಯಾರ ಹೆಸರು ಹೆಚ್ಚೈತಿ, ಅವರಿಗೆ ಶಾಲು.”

ಪಾಲಾಕ್ಷ ಅವತ್ತೇ ಹೊಸ ಜುಬ್ಬಾ ಹೊಲಿಯಲು ಹಾಕಿದ. ಕೂಡ್ಲಿಗಿಯ ಅತ್ತೆಮನೆಗೆ ಮೂರು ಸಲ ಫೋನ್ ಮಾಡಿದ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅತ್ತೆ ಕೊಟ್ರಮ್ಮ ‘ನಮ್ಮ ದೊಡ್ಡ ಅಳಿಯಾರು’ ಎಂದು ಹೆಮ್ಮೆಯಿಂದ ಹೇಳಿಕೊಂಡದ್ದನ್ನು ಅವನು ಕೇಳಿರಲಿಲ್ಲ. ‘ನಮ್ಮ ಸಣ್ಣ ಅಳಿಯಾರು ಲೆಕ್ಚರರು’ ಎಂಬುದನ್ನಂತೂ ಹಾಲಿನವಳ ಎದುರಿಗೂ ಕೇಳಿದ್ದ. ಈ ಶಾಲು ಹೆಗಲಿಗೆ ಬಿದ್ದರೆ ಆ ಲೆಕ್ಕ ತೀರುತ್ತಿತ್ತು. ಕನ್ನಡಿಯ ಮುಂದೆ ನಿಂತು ಶಾಲು ಹೊದಿಸುವಾಗ ಕತ್ತು ಎಷ್ಟು ಬಗ್ಗಿಸಬೇಕೆಂದು ಅಭ್ಯಾಸ ಮಾಡಿದ. ತೀರ ಬಗ್ಗಿದರೆ ದೈನ್ಯ, ಬಗ್ಗದಿದ್ದರೆ ಸೊಕ್ಕು.

ಸನ್ಮಾನಕ್ಕೆ ಇನ್ನೂ ಹದಿನೆಂಟು ದಿನ ಇರುವಾಗ, ಒಂದು ಬುಧವಾರ ಬೆಳಿಗ್ಗೆ, ಪಾಲಾಕ್ಷ ದೇವರಿಗೆ ಊದಿನಕಡ್ಡಿ ಬೆಳಗಿ, ಅದೇ ಕಡ್ಡಿಯನ್ನು ಕಂಪ್ಯೂಟರಿಗೂ ಬೆಳಗಿ, ಗುಂಡಿ ಒತ್ತಿದ.

ಪ್ರವೀಣಕುಮಾರ್, ಪ್ರವೀಣಕುಮಾರ್, ಪ್ರವೀಣಕುಮಾರ್.

ಕೆಳಗೆ ಸರಿಸಿದ. ಪ್ರವೀಣಕುಮಾರ್. ಇನ್ನೂ ಕೆಳಗೆ ಹೋದ. ಸಾವಿರದ ಮುನ್ನೂರ ನಲವತ್ತೆರಡನೆಯ ಸಾಲಿನ ಪಕ್ಕದಲ್ಲೂ ಅದೇ ಹೆಸರು. ಬಸ್ಸಿನ ಹೊತ್ತುಗಳನ್ನು ತನ್ನ ಹಳೆಯ ಪ್ರಿಂಟಿನ ಜೊತೆ ತಾಳೆ ನೋಡಿದ. ನೀಲಗುಂದದ ಬೆಳಗಿನ ಬಸ್ಸೊಂದನ್ನು ಏಳು ಹತ್ತರಿಂದ ಏಳು ಇಪ್ಪತ್ತೈದಕ್ಕೆ ತಿದ್ದಿದ್ದ. ಉಳಿದದ್ದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕಳ್ಳ ಸಾಮಾನನ್ನೆಲ್ಲ ಇದ್ದಲ್ಲೇ ಬಿಟ್ಟು ಒಡೆಯನ ಹೆಸರನ್ನಷ್ಟೇ ಹೊತ್ತುಕೊಂಡು ಹೋಗಿದ್ದ. ಇಂಥ ಅಚ್ಚುಕಟ್ಟಾದ ಕಳವನ್ನು ಲೆಕ್ಚರರು ಮಾತ್ರ ಮಾಡಬಲ್ಲರೆಂದು ಪಾಲಾಕ್ಷನಿಗೆ ಖಾತ್ರಿಯಾಯಿತು.

“ಲೇ ರೇಣುಕಾ! ನಿನ್ನ ತಂಗಿ ಗಂಡ ನನ್ನ ಮನಿ ಮುಳುಗಿಸ್ಯಾನ!”

ರೇಣುಕಾ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು. “ಏಳು ನಲವತ್ತರ ಬಸ್ಸು ಮುಳುಗದಿದ್ರ ಸಾಕ್ರಿ ನನಗ. ಉಳಿದದ್ದು ಸಂಜಿಮುಂದ ಕೇಳ್ತೀನಿ.”

“ಎಲ್ಲಾ ಸಾಲಿಗೂ ತನ್ನ ಹೆಸರು ಬರಕೊಂಡಾನ!”

“ಹೆಸರು ಯಾರದಾದ್ರೇನು, ಬಸ್ಸು ಬರ್ತಾವಲ್ಲ,” ಎಂದು ರೇಣುಕಾ ಹೊರಟೇ ಹೋದಳು.

ಈಗ ಪ್ರವೀಣಕುಮಾರನಿಗೆ ಒಂದು ಫೋನ್ ಮಾಡಿ ‘ಏನಪ್ಪಾ ಇದು’ ಎಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಹೋಗಬಹುದಿತ್ತು. ಆದರೆ ಷಡ್ಡಕನನ್ನು ಕೇಳಿ ತಿಳಿದುಕೊಳ್ಳುವುದಕ್ಕಿಂತ ತಿಳಿಯದೆ ಉರಿಯುವುದೇ ಮೇಲೆಂಬುದು ಪಾಲಾಕ್ಷನ ಸಿದ್ಧಾಂತ. ಅವನು ಫೈಲನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು, ಸುಮ್ಮನೆ ಒಂದು ಚುಕ್ಕೆ ಹಾಕಿ, ಅದನ್ನು ಅಳಿಸಿ, ಮತ್ತೆ ಉಳಿಸಿದ. ಗುಂಡಿ ಒತ್ತಿ ನೋಡಿದರೆ ಏನಾಶ್ಚರ್ಯ! ಪಾಲಾಕ್ಷ, ಪಾಲಾಕ್ಷ, ಪಾಲಾಕ್ಷ. ಸಂತೋಷಕ್ಕೆ ಆ ಹೊತ್ತು ಅಂಗಡಿಯಲ್ಲಿದ್ದ ಇಬ್ಬರಿಗೆ ಜೆರಾಕ್ಸ್ ಪುಕ್ಕಟೆ ಹೊಡೆದುಕೊಟ್ಟ.

ಮರುದಿನ ಮಧ್ಯಾಹ್ನ ಮತ್ತೆ ಪ್ರವೀಣಕುಮಾರ್. ಪಾಲಾಕ್ಷ ಮತ್ತೆ ಚುಕ್ಕೆ ಹಾಕಿ ಅಳಿಸಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೀಗೆ ಒಂದು ವಾರದಲ್ಲಿ ಆ ಬಸ್ಸುಗಳೆಲ್ಲ ಆರು ಸಲ ಒಡೆಯರನ್ನು ಬದಲಾಯಿಸಿದವು. ಅವುಗಳಲ್ಲಿ ಕೂತು ಓಡಾಡುತ್ತಿದ್ದ ಜನಕ್ಕೆ ಇದರ ಸುಳಿವೇ ಇರಲಿಲ್ಲ.

ಉಚ್ಚಂಗೆಪ್ಪನವರಿಗೆ ಮಾತ್ರ ಇತ್ತು. ಅವರು ದಿನಾ ಪಂಚಾಂಗ ನೋಡಿದ ಮೇಲೆ ಫೈಲು ನೋಡುತ್ತಿದ್ದರು. ಸೋಮವಾರ ಆಮಂತ್ರಣ ಪತ್ರಿಕೆಯಲ್ಲಿ ‘ಶ್ರೀ ಪಾಲಾಕ್ಷ’ ಎಂದು ಅಚ್ಚಿಗೆ ಕೊಟ್ಟರು. ಮಂಗಳವಾರ ಓಡಿಹೋಗಿ ‘ಶ್ರೀ ಪ್ರವೀಣಕುಮಾರ್’ ಎಂದು ತಿದ್ದಿಸಿದರು. ಬುಧವಾರ ಪ್ರೆಸ್ಸಿನವನು ಇವರನ್ನು ದೂರದಿಂದ ಕಂಡವನೇ ಷಟರ್ ಎಳೆದ. ಕಡೆಗೆ ‘ಸನ್ಮಾನಿತರು’ ಎಂಬುದರ ಮುಂದೆ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿದರು. ಪಾಲಾಕ್ಷ ಐವತ್ತು ಪತ್ರಿಕೆ ಕೇಳಿ ಇಸಿದುಕೊಂಡು, ಖಾಲಿ ಜಾಗದಲ್ಲಿ ತನ್ನ ಹೆಸರನ್ನು ಬಾಲ್‌ಪೆನ್ನಿನಿಂದ ದುಂಡಗೆ ಬರೆದು ನೆಂಟರಿಗೆಲ್ಲ ಹಂಚಿದ.

ಎದುರಿನ ಚಹಾದಂಗಡಿಯ ಮೈಲಾರಲಿಂಗಪ್ಪ ಪತ್ರಿಕೆ ನೋಡಿ, “ಬರದಿರಿ ಚಲೋ ಆತು. ಮತ್ತ ರಾತ್ರೋರಾತ್ರಿ ಅವನ ಹೆಸರಿಗೆ ಹೋದ್ರ?” ಎಂದ. “ನಮ್ಮ ಕಾಕಾನ ಹೊಲ ಹಿಂಗ ಆಗಿ ಇಪ್ಪತ್ತೆರಡು ವರ್ಷ ಕೇಸು ನಡೀತು ನೋಡ್ರಿ. ನೀವು ಮೊದಲ ಸ್ಟೇಶನ್ನಿಗೆ ಒಂದು ಅರ್ಜಿ ಒಗದುಬಿಡ್ರಿ.”

ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಬಿತ್ತು. ಪಾಲಾಕ್ಷ ಅರ್ಜಿ ಬರೆದು, ಮೂರು ಪ್ರತಿ ಜೆರಾಕ್ಸ್ ಮಾಡಿ, ಠಾಣೆಗೆ ಹೋದ. ಅಲ್ಲಿ ಮೇಜಿನ ಮುಂದೆ ಹೆಡ್ ಕಾನ್‌ಸ್ಟೇಬಲ್ ದೊಡ್ಡಬೀರಪ್ಪ ಕೂತಿದ್ದ.

“ಏನು ಕಳವಾಗೈತ್ರಿ?”

“ಸಾವಿರದ ಮುನ್ನೂರ ನಲವತ್ತೆರಡು ಬಸ್ಸು.”

ದೊಡ್ಡಬೀರಪ್ಪ ಪೆನ್ನು ಕೆಳಗಿಟ್ಟ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವನು ಕೋಳಿ, ಕುರಿ, ಪಂಪ್‌ಸೆಟ್ಟು, ಒಮ್ಮೆ ಒಂದು ಟ್ರ್ಯಾಕ್ಟರು, ಇಷ್ಟರ ಕಳವು ಕಂಡಿದ್ದ.

“ಎಲ್ಲಿ ನಿಲ್ಲಿಸಿದ್ರಿ?”

“ಕಂಪ್ಯೂಟರಿನಾಗ.”

“ಈಗ ಎಲ್ಲದಾವು?”

“ಅಲ್ಲೇ ಅದಾವ್ರಿ.”

ದೊಡ್ಡಬೀರಪ್ಪ ಅರ್ಜಿಯ ಮೇಲೆ ಕಣ್ಣಾಡಿಸಿದ. “ಬಸ್ಸಿನ ಹೊತ್ತು ಏನರ ಹೆಚ್ಚುಕಮ್ಮಿ ಮಾಡ್ಯಾರೇನು?”

“ಒಂದು ಬಸ್ಸಿಂದು ಮಾಡ್ಯಾನ್ರಿ. ಅದು ಖರೇವಂದ್ರ ಈಗ ಸರಿ ಐತಿ.”

“ಮತ್ತೇನು ಹೋಗೈತ್ರಿ ನಿಮ್ಮದು?”

“ನನ್ನ ಹೆಸರು!”

ದೊಡ್ಡಬೀರಪ್ಪ ಅವನನ್ನು ಕರುಣೆಯಿಂದ ನೋಡಿದ. “ನಿಮ್ಮ ಹೆಸರೇನ್ರಿ?”

“ಪಾಲಾಕ್ಷ.”

“ಐತಲ್ರಿ!” ಎಂದ ದೊಡ್ಡಬೀರಪ್ಪ, ಪತ್ತೆಯಾದ ಮಾಲನ್ನು ಒಪ್ಪಿಸುವವನ ಹಾಗೆ. “ಆರೋಪಿ ಯಾರು?”

“ನನ್ನ ಷಡ್ಡಕ.”

ಆ ಒಂದು ಮಾತಿಗೆ ಠಾಣೆಗೆ ಠಾಣೆಯೇ ಅರ್ಥಮಾಡಿಕೊಂಡಿತು. ದೊಡ್ಡಬೀರಪ್ಪನಿಗೂ ಒಬ್ಬ ಷಡ್ಡಕನಿದ್ದ, ರೆವೆನ್ಯೂದಲ್ಲಿ. ಅವನು ಎದ್ದು ಬಂದು ಪಾಲಾಕ್ಷನ ಹೆಗಲ ಮೇಲೆ ಕೈಯಿಟ್ಟು, “ಇದಕ್ಕ ಕಾನೂನಿನಾಗ ಔಷಧ ಇಲ್ರಿ. ನಿಮ್ಮ ಮಾವಾರ ಹತ್ರ ಹೋಗ್ರಿ,” ಎಂದು ಚಹಾ ಕುಡಿಸಿ ಕಳಿಸಿದ.

ಅರ್ಜಿಯ ಸುದ್ದಿ ಪಾಲಾಕ್ಷನಿಗಿಂತ ಮೊದಲು ಕೂಡ್ಲಿಗಿ ಮುಟ್ಟಿತು. ಸನ್ಮಾನಕ್ಕೆ ಒಂದು ವಾರ ಮೊದಲಿನ ಭಾನುವಾರ ಮಾವ ಹಾಲಸ್ವಾಮಿಯವರು ಇಬ್ಬರೂ ಅಳಿಯಂದಿರನ್ನು, ಇಬ್ಬರೂ ಹೆಣ್ಣುಮಕ್ಕಳನ್ನು ಕರೆಸಿದರು. ಅವರು ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟಾಗಿ ಇದ್ದು ನಿವೃತ್ತರಾದವರು. ಜಡ್ಜುಗಳು ಬಂದು ಹೋದರು, ಹಾಲಸ್ವಾಮಿಯವರ ಮಶಿನ್ನಿನ ಸದ್ದು ನಿಲ್ಲಲಿಲ್ಲ ಎಂದು ಊರಲ್ಲಿ ಹೆಸರಿತ್ತು. ಕೊಟ್ರಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜಿ ತಂದಿಟ್ಟರು. ಪ್ರವೀಣಕುಮಾರನ ತಟ್ಟೆಯಲ್ಲಿ ಬಜಿ ನಾಲ್ಕು, ತನ್ನದರಲ್ಲೂ ನಾಲ್ಕು. ಆದರೆ ಅವನವು ಉದ್ದ ಇವೆಯೆಂದು ಪಾಲಾಕ್ಷನಿಗೆ ಕಂಡಿತು.

“ಮಾವಾರ, ನ್ಯಾಯ ನೀವ ಹೇಳ್ರಿ,” ಎಂದು ಪಾಲಾಕ್ಷ ಎದ್ದು ನಿಂತ. “ಆರು ವರ್ಷ ಬಿಸಿಲು ಮಳಿ ಅನ್ನದ ದುಡದೇನಿ.” ಅಂಗಡಿಗೆ ಶೀಟಿತ್ತು, ಫ್ಯಾನಿತ್ತು ಎಂಬುದನ್ನು ಯಾರೂ ಎತ್ತಲಿಲ್ಲ. “ಈ ಮನುಷ್ಯಾ ಒಂದು ಬಸ್ಸಿನ ಹೊತ್ತು ತಿದ್ದೋ ನೆಪದಾಗ ಎಲ್ಲಾ ಸಾಲಿಗೂ ಹೆಸರು ಹಚಿಗೊಂಡಾನ. ನನ್ನ ಶಾಲಿಗೆ ಕೈ ಹಾಕ್ಯಾನ!”

“ಅಯ್ಯೋ ಅಣ್ಣಾರ, ಯಾವ ಶಾಲ್ರಿ?” ಎಂದ ಪ್ರವೀಣಕುಮಾರ್ ದಿಗಿಲಿನಿಂದ. “ನೀಲಗುಂದದ ಬಸ್ಸು ಒಂದು ದಿನಾನೂ ಹೊತ್ತಿಗೆ ನೆಟ್ಟಗ ಬರವಲ್ದು, ಅದನ್ನ ದಿನಾ ತಿದ್ದಾಕ ಹತ್ತೇನಿ. ಬ್ಯಾರೆ ಸಾಲು ಮುಟ್ಟಿಲ್ರಿ, ದೇವರಾಣಿ.” ಆಮೇಲೆ ಶಾಲಿನ ವಿಷಯ ತಲೆಗೆ ಹತ್ತಿ ಅವನ ಮುಖ ಬಾಡಿತು. “ಶಾಲು ಬ್ಯಾರೆ ಐತೇನ್ರಿ? ನನಗ ಯಾರೂ ಹೇಳಲೇ ಇಲ್ಲ?”

ಅವನೂ ಹೊಟ್ಟೆಕಿಚ್ಚಿನವನೇ ಎಂಬುದನ್ನು ಕಂಡು ಪಾಲಾಕ್ಷನಿಗೆ ಜೀವನದಲ್ಲಿ ಮೊದಲ ಸಲ ಅವನ ಮೇಲೆ ಒಂದಿಷ್ಟು ಅಕ್ಕರೆ ಬಂತು.

ಪ್ರವೀಣಕುಮಾರ್ ತನ್ನ ಲ್ಯಾಪ್‌ಟಾಪ್ ತೆರೆದು, ಕಣ್ಣಿಗೆ ಕಾಣದ ಗುರುತುಗಳನ್ನೂ ಕಾಣಿಸುವಂತೆ ಮಾಡಿ, ಪಾಲಾಕ್ಷ ಉಳಿಸಿದ ಫೈಲನ್ನೂ ತಾನು ಉಳಿಸಿದ ಫೈಲನ್ನೂ ಅಕ್ಕಪಕ್ಕ ಇಟ್ಟ. ಅಕ್ಷರ ಅಕ್ಷರವೂ ಒಂದೇ. ಪಾಲಾಕ್ಷನದರಲ್ಲಿ ಮಾತ್ರ ಪ್ರತಿ ಸಾಲಿನ ತುದಿಗೆ ಒಂದು ಸಣ್ಣ ಗುರುತು ಹೆಚ್ಚಿಗೆ ಅಂಟಿಕೊಂಡಿತ್ತು.

“ಅಣ್ಣಾರ, ನಿಮ್ಮ ಸಾಲಿನ ತುದಿಗೆ ಇದೇನ್ರಿ ಹತ್ತೈತಿ?”

“ನನ್ನ ಸಾಲಿನ ತುದಿ ನೋಡಾಕ ನೀ ಯಾರು?”

“ಇಬ್ಬರೂ ಸುಮ್ಮನಿರ್ರಿ,” ಎಂದು ಹಾಲಸ್ವಾಮಿಯವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಒಂದು ಗಳಿಗೆ ನೋಡಿದರು. ನಿವೃತ್ತರಾದ ಮೇಲೆ ಹನ್ನೊಂದು ವರ್ಷದಲ್ಲಿ ಅವರ ಮುಖಕ್ಕೆ ಅಂಥ ಕಳೆ ಬಂದದ್ದನ್ನು ಕೊಟ್ರಮ್ಮ ನೋಡಿರಲಿಲ್ಲ. “ಇದು ನಮ್ಮ ಕಸುಬಿನ ಮಾತು ನೋಡ್ರೋ! ಟೈಪ್ ಮಶಿನ್ನಿನಾಗ ಸಾಲು ಮುಗದ್ರ ಗಂಟಿ ಬಡೀತೈತಿ. ಆಗ ಎರಡು ಕೆಲಸ. ಕಾಗದ ಹಿಡಕೊಂಡ ಗಾಡೀನ ಮೊದಲಿನ ಜಾಗಕ್ಕ ತಳ್ಳಬೇಕು, ಅದು ಒಂದು. ಕಾಗದ ಒಂದು ಸಾಲು ಮ್ಯಾಲ ಏರಿಸಬೇಕು, ಅದು ಎರಡು.” ಎಡಗೈಯಿಂದ ಗಾಳಿಯಲ್ಲಿ ಗಾಡಿ ತಳ್ಳಿಯೇಬಿಟ್ಟರು. ಪಕ್ಕದಲ್ಲಿದ್ದ ಚಹಾ ಲೋಟ ಉರುಳಿತು. “ನಿಮ್ಮ ಯಂತ್ರಗಳಿಗೆ ಗಾಡಿನೂ ಇಲ್ಲ, ಕಾಗದಾನೂ ಇಲ್ಲ. ಆದರೂ ಸಾಲು ಮುಗೀತು ಅಂತ ಗುರುತು ಬೇಕಲ್ಲ?”

“ಹೌದ್ರಿ ಮಾವಾರ!” ಎಂದ ಪ್ರವೀಣಕುಮಾರ್. ಪಾಠದಲ್ಲಿ ಹತ್ತು ವರ್ಷದಿಂದ ಬಾಯಿಪಾಠ ಹೇಳುತ್ತಿದ್ದದ್ದು ಅವನಿಗೆ ಅಂದು ಅರ್ಥವಾಯಿತು. “ಅಣ್ಣಾರ ಕಂಪ್ಯೂಟರಿನ ವಿಂಡೋಸು ಎರಡೂ ಗುರುತು ಬರದಿಡ್ತೈತಿ. ನನ್ನ ಲ್ಯಾಪ್‌ಟಾಪಿನ ಲಿನಕ್ಸು ಒಂದ ಬರೀತೈತಿ.”

“ಅಷ್ಟ!” ಎಂದರು ಹಾಲಸ್ವಾಮಿಯವರು. “ಹೆಸರು ಬರಿಯಾಕ ಕಾವಲಿಗೆ ಕುಂತ ಯಂತ್ರಕ್ಕ ತುದಿ ಬದಲಾದ್ರ ಪೂರಾ ಸಾಲೇ ಹೊಸಾದು ಅಂತ ಕಾಣಸ್ತೈತಿ. ಕಡೀಗೆ ಮುಟ್ಟಿದವನ ಹೆಸರು ಬರದುಬಿಡ್ತೈತಿ.”

ಕೊಟ್ರಮ್ಮ ಸೆರಗಿನಿಂದ ಚಹಾ ಒರೆಸುತ್ತ ಪಾಲಾಕ್ಷನ ಕಡೆ ತಿರುಗಿದರು. “ಇಷ್ಟಕ್ಕ ನೀವು ಪೊಲೀಸರ ಹತ್ರ ಹೋಗಿದ್ರೇನ್ರಿ ಅಳಿಯಾರ?”

ಪಾಲಾಕ್ಷ ಇಂಗು ತಿಂದ ಮಂಗನಂತಾದ. ಆದರೂ ಒಳಗೊಳಗೆ ಹಿಗ್ಗಿದ. ಕಳವಾಗಿಲ್ಲವೆಂದ ಮೇಲೆ ಮಾಲು ತನ್ನದೇ, ಶಾಲೂ ತನ್ನದೇ. “ಹಂಗಾರ ಆ ತುದಿ ಗುರುತು ಲೆಕ್ಕಕ್ಕ ಹಿಡೀಬ್ಯಾಡ, ಖರೇ ಖರೇ ಬರದವರ ಹೆಸರು ತೋರಸು ಅಂತ ಕೇಳಾಕ ಬರ್ತೈತೇನು?”

“ಬರ್ತೈತ್ರಿ,” ಎಂದು ಪ್ರವೀಣಕುಮಾರ್ ಟಕಟಕ ಏನೋ ಒತ್ತಿದ.

ಪಾಲಾಕ್ಷ ಜುಬ್ಬಾದ ಕಾಲರ್ ಸರಿಮಾಡಿಕೊಂಡು ಪರದೆಯ ಮುಂದೆ ಬಗ್ಗಿದ. ದೈನ್ಯವೂ ಇಲ್ಲದ, ಸೊಕ್ಕೂ ಇಲ್ಲದ ಅದೇ ಅಳತೆಯಲ್ಲಿ.

ರೇಣುಕಾ, ರೇಣುಕಾ, ರೇಣುಕಾ.

“ತಪ್ಪು ಒತ್ತಿದಿ,” ಎಂದ.

ಪ್ರವೀಣಕುಮಾರ್ ಇನ್ನೊಮ್ಮೆ ಒತ್ತಿದ. ಮತ್ತೆ ರೇಣುಕಾ. ನಡುವೆ ಅಲ್ಲೊಂದು ಇಲ್ಲೊಂದು ಪಾಲಾಕ್ಷ. ಎಣಿಸಿ ನೋಡಿದರೆ ರೇಣುಕಾಳವು ಒಂಬೈನೂರ ಮೂವತ್ತು ಸಾಲು, ಪಾಲಾಕ್ಷನವು ನಾನೂರ ಹನ್ನೊಂದು, ಪ್ರವೀಣಕುಮಾರನದು ನೀಲಗುಂದದ ಆ ಒಂದು.

ಪ್ರವೀಣಕುಮಾರನೇ ಮೆಲ್ಲಗೆ ಬಿಡಿಸಿ ಹೇಳಿದ. ಫೋನು ಕೂಡ ಒಂದೇ ಗುರುತಿನ ಯಂತ್ರ. ಅಕ್ಕಾರು ಹಗಲೆಲ್ಲ ಬಸ್ಸಿನಲ್ಲಿ ಕೂತು ಬರೆದಿದ್ದಾರೆ. ಸಂಜೆಗೆ ಅಣ್ಣಾರು ಅಂಗಡಿಯ ವಿಂಡೋಸಿನಲ್ಲಿ ಫೈಲು ತೆರೆದು ಉಳಿಸಿದ್ದಾರೆ. ಅಕ್ಕಾರ ಸಾಲುಗಳಿಗೂ ಎರಡನೆಯ ಗುರುತು ಅಂಟಿ, ಅವೂ ಅಣ್ಣಾರ ಹೆಸರಿಗೆ ಹೋಗಿವೆ. ಒಂದಲ್ಲ ಎರಡಲ್ಲ, ಆರು ವರ್ಷ.

“ಅಂದ್ರ ನಾನು ನಿಮಗ ಒಂದು ವಾರ ಮಾಡಿದ್ದನ್ನ ನೀವು ಅಕ್ಕಾರಿಗೆ…” ಎಂದು ಪ್ರವೀಣಕುಮಾರ್ ಶುರು ಮಾಡಿ, ಮಾವನವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ರೇಣುಕಾ ಒಳಗಿನಿಂದ ಇನ್ನೊಂದು ಸುತ್ತಿನ ಬಜಿ ತಂದಳು. ವಿಷಯ ಹೇಳಿದರೆ, “ಅಷ್ಟಾಗ್ಯಾವೇನ್ರಿ?” ಎಂದಳು. “ಬಸ್ಸಿನಾಗ ಕುಂತು ಮಾಡೋದೇನೈತಿ. ಒತ್ತತಿದ್ದೆ.” ಅಷ್ಟೇ ಹೇಳಿ ಬಜಿ ತಣ್ಣಗಾಗುತ್ತವೆಂದು ಅವಸರ ಮಾಡಿದಳು.

ಸುಳ್ಳು ಹೇಳಿ ಶಾಲು ಗಿಟ್ಟಿಸಲು ಹೊರಟವನಲ್ಲ ನಮ್ಮ ಪಾಲಾಕ್ಷ. ಅವಳು ನಾಲ್ಕಾರು ತುಂಬಿರಬಹುದೆಂದು ಅವನು ಮನಸಾರೆ ನಂಬಿದ್ದ. ನಂಬಿದ್ದು ಸುಳ್ಳಾದಾಗ ಆಗುವ ಸಂಕಟ ಸಣ್ಣದಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಒಬ್ಬನೇ ಕೂತ. ಅವನ ಹಿಂದೆಯೇ ಪ್ರವೀಣಕುಮಾರ್ ಬಂದ.

“ಅಣ್ಣಾರ, ಮನಸಿಗೆ ಹಚಿಗೋಬ್ಯಾಡ್ರಿ,” ಎಂದ ದನಿ ತಗ್ಗಿಸಿ. “ಇದು ಮನಿಯಾಗಿನ ಐದಾರು ಮಂದಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಅಕ್ಕಾರಿಗೆ ಶಾಲಿನ ಆಸಿನೂ ಇಲ್ಲ. ನಾನು ಇನ್ನ ಒಂದು ವಾರ ಫೈಲ್ ಮುಟ್ಟಂಗಿಲ್ಲ. ನೀವು ಇನ್ನೊಮ್ಮೆ ಉಳಿಸಿಬಿಡ್ರಿ, ಎಲ್ಲಾ ನಿಮ್ಮ ಹೆಸರಿಗೆ ಬರ್ತಾವು. ಉಚ್ಚಂಗೆಪ್ಪಾರಿಗೆ ಈ ತುದಿ ಕಥಿ ಎಲ್ಲಿ ತಿಳೀತೈತಿ? ಶಾಲು ನೀವ ಹೊದ್ದುಗೊಳ್ರಿ. ಮುಂದ ಯಾವಾಗರ ನನ್ನ ನೆನಸಿದ್ರ ಸಾಕು.”

ಪಾಲಾಕ್ಷ ಅದನ್ನು ಯೋಚಿಸಿದ. ಸುಳ್ಳೇಕೆ, ಚೆನ್ನಾಗಿಯೇ ಯೋಚಿಸಿದ. ಶಾಲು ಕಣ್ಣಮುಂದೆ ಬಂತು. ಅದರ ಜರಿ ಅಂಚು ಬಂತು. ಅತ್ತೆಯ ಮುಖ ಬಂತು. ಆಮೇಲೆ ಆ ಶಾಲನ್ನು ಹೊದ್ದಾಗಲೆಲ್ಲ ಎದುರಿಗೆ ವಿನಯದಿಂದ ನಗುತ್ತ ನಿಲ್ಲುವ ಪ್ರವೀಣಕುಮಾರನ ಮುಖ ಬಂತು. ಪ್ರತಿ ಹಬ್ಬಕ್ಕೆ, ಪ್ರತಿ ಪಂಕ್ತಿಯಲ್ಲಿ, ಸಾಯುವ ತನಕ. ತನ್ನ ಹೆಂಡತಿಯ ಒಂಬೈನೂರ ಮೂವತ್ತು ಬಸ್ಸುಗಳನ್ನು ಇವನ ಕೈಯಿಂದ ದಾನ ತೆಗೆದುಕೊಳ್ಳುವುದೇ? ಹೊಟ್ಟೆಯಲ್ಲಿ ಭಗ್ಗೆಂದು ಉರಿ ಎದ್ದಿತು. ಲೋಕದಲ್ಲಿ ಎಷ್ಟೋ ಸತ್ಯಗಳು ಧರ್ಮಬುದ್ಧಿಯಿಂದ ಹೊರಬಂದಿವೆಯಂತೆ, ಇದು ಬಂದದ್ದು ಶುದ್ಧ ಹೊಟ್ಟೆಕಿಚ್ಚಿನಿಂದ. ಅವನು ಅಲ್ಲೇ ಪ್ರವೀಣಕುಮಾರನ ಎದುರಿಗೇ ಫೋನ್ ತೆಗೆದು ಉಚ್ಚಂಗೆಪ್ಪನವರಿಗೆ ಹಚ್ಚಿದ.

“ಸಾರ್, ಖಾಲಿ ಜಾಗದಾಗ ನನ್ನ ಹೆಂಡ್ತಿ ಹೆಸರು ಬರ್ಕೊಳ್ರಿ.”

ಮುಂದಿನ ಭಾನುವಾರ ಕೊಟ್ಟೂರಿನ ಸಭಾಂಗಣ ತುಂಬಿತ್ತು. ಹಡಗಲಿ ಕಡೆಯಿಂದ, ಹಗರಿಬೊಮ್ಮನಹಳ್ಳಿ ಕಡೆಯಿಂದ ಹೊಲಿಗೆ ಕಲಿತ ಹೆಂಗಸರು ಎರಡು ಟೆಂಪೋಗಳಲ್ಲಿ ಬಂದಿದ್ದರು. ಪ್ರಯಾಣಿಕರ ವೇದಿಕೆಗೆ ಇಷ್ಟು ಜನ ಬರಬಹುದೆಂದು ಉಚ್ಚಂಗೆಪ್ಪನವರಿಗೇ ಗೊತ್ತಿರಲಿಲ್ಲ. ಅವರು ತಮ್ಮ ಭಾಷಣದಲ್ಲಿ ಮೊದಲು ಹೊಗಳಿದ್ದು ಪಾಲಾಕ್ಷನನ್ನು. “ಹೆಂಡ್ತಿ ದುಡಿಮಿ ನಂದು ಅನ್ನೋ ಗಂಡಸರು ಮಸ್ತ್ ಮಂದಿ ಅದಾರ. ತನ್ನ ಹೆಸರಿನಾಗ ಇದ್ದದ್ದನ್ನ ಹೆಂಡ್ತಿದು ಅಂದಾಂವ ಇವನೊಬ್ಬನ!” ಜನ ಚಪ್ಪಾಳೆ ಹೊಡೆದರು. ಎರಡನೆಯ ಸಾಲಿನಲ್ಲಿ ಕೊಟ್ರಮ್ಮ ಕಣ್ಣೊರೆಸಿಕೊಂಡು, ಪಕ್ಕದ ಅಪರಿಚಿತ ಹೆಂಗಸಿಗೆ, “ನಮ್ಮ ದೊಡ್ಡ ಅಳಿಯಾರು,” ಎಂದರು.

ಪಾಲಾಕ್ಷ ಅದನ್ನು ಕೇಳಿದ. ಪಕ್ಕದಲ್ಲಿ ಪ್ರವೀಣಕುಮಾರ್ ಬಾಡಿದ ಬದನೆಕಾಯಿಯಂತೆ ಕೂತಿದ್ದನ್ನೂ ನೋಡಿದ. ಇನ್ನು ಇದಕ್ಕಿಂತ ಹೆಚ್ಚಿನ ಸುಖವನ್ನು ದೇವರು ಕೊಡಲಾರ ಎಂದುಕೊಂಡ.

ಶಾಲು ಹೊದಿಸಿದರು. ರೇಣುಕಾ ಕತ್ತು ಬಗ್ಗಿಸಲೂ ಇಲ್ಲ, ನೆಟ್ಟಗೆ ನಿಲ್ಲಲೂ ಇಲ್ಲ. ಶಾಲಿನ ಅಂಚಿನ ಹೊಲಿಗೆ ಬಿಟ್ಟಿದೆಯೇನೋ ಎಂದು ತಿರುಗಿಸಿ ನೋಡುತ್ತಿದ್ದಳು. “ಎರಡು ಮಾತು ಹೇಳ್ರಿ ತಾಯಿ, ಇಷ್ಟು ಬಸ್ಸಿನ ಹೊತ್ತು ಯಾಕ ಬರದ್ರಿ?” ಎಂದು ಉಚ್ಚಂಗೆಪ್ಪನವರು ಮೈಕು ಕೊಟ್ಟರು.

“ಬರದೆ ಅಷ್ಟರಿ,” ಎಂದಳು. ಆಮೇಲೆ ಶಾಲಿನ ಅಂಚು ಬಿಟ್ಟು ಮೈಕಿನ ಕಡೆ ತಿರುಗಿದಳು. “ನಾ ಕೆಲಸಕ್ಕ ಸೇರಿದ ಹೊಸದರಾಗ ಒಂದು ದಿನ ಮೈಲಾರದ ಹಾದಿಯಾಗ ಒಂದು ಕ್ರಾಸಿನಾಗ ಬಸ್ಸು ಬಿಟ್ಟು ಹೋತ್ರಿ. ಮುಂದಿನ ಬಸ್ಸು ಎಷ್ಟಕ್ಕ ಅಂತ ಯಾರಿಗೂ ಗೊತ್ತಿಲ್ಲ. ಮೂರು ತಾಸು ಒಬ್ಬಾಕಿನ ಬೇವಿನ ಗಿಡದ ಬುಡಕ ಕುಂತಿದ್ದೆ. ಹೊತ್ತು ಮುಳುಗಾಕ ಬಂತು. ಎರಡು ಬೈಕಿನ ಮ್ಯಾಲ ನಾಕು ಮಂದಿ ಗಂಡಸರು ಒಂದಲ್ಲ ಮೂರು ಸಲ ಮುಂದಿಂದ ಹಾದು ಹೋದ್ರು. ಚೀಲದಾಗಿನ ಕತ್ತರಿ ಕೈಯಾಗ ಹಿಡಕೊಂಡು ಕುಂತಿದ್ದೆ. ಬಸ್ಸು ಇಷ್ಟಕ್ಕ ಬರ್ತೈತಿ ಅಂತ ಗೊತ್ತಿದ್ದಿದ್ರ ಅಷ್ಟು ಹೆದರಕಿ ಇರ್ತಿರಲಿಲ್ಲ. ಅದಕ್ಕ ಬರದೆ.”

ಹೊಲಿಗೆಯ ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು.

ಪಾಲಾಕ್ಷ ಹೊಡೆಯಲಿಲ್ಲ. ಹದಿನಾರು ವರ್ಷ ಜೊತೆಗಿದ್ದ ತನಗೆ ಹೇಳದ ಮಾತನ್ನು ಅವಳು ಆ ಮೈಕಿಗೆ ಹೇಳಿದಳಲ್ಲ! ಷಡ್ಡಕನನ್ನು ಮರೆತ, ಶಾಲನ್ನು ಮರೆತ. ಆ ಮೈಕಿನ ಮೇಲೆ, ಟೆಂಪೋದಲ್ಲಿ ಬಂದ ಆ ಹೆಂಗಸರ ಮೇಲೆ, ಬಾಗಿಲಲ್ಲಿ ನಿಂತ ಬಾಳೆಹಣ್ಣಿನವನ ಮೇಲೆ, ಅದನ್ನು ತನ್ನ ಜೊತೆಯಲ್ಲೇ ಕೇಳಿದ ಎಲ್ಲರ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ಅದು ಇಷ್ಟು ದಿನದ ಉರಿಯಂತಿರಲಿಲ್ಲ. ಎದೆಯ ಹತ್ತಿರ ಎಲ್ಲೋ ನೋಯುತ್ತಿತ್ತು.

ಕಾರ್ಯಕ್ರಮ ಮುಗಿದು ಇಬ್ಬರೂ ಮನೆಗೆ ನಡೆದು ಹೊರಟರು. ಹಣ್ಣಿನ ಬುಟ್ಟಿ ಅವನ ಕೈಯಲ್ಲಿತ್ತು. ತೇರು ಬಯಲು ದಾಟುವ ತನಕ ತಡೆದುಕೊಂಡ.

“ಬೇವಿನ ಗಿಡದ್ದು… ನನಗ್ಯಾಕ ಹೇಳಲಿಲ್ಲ ನೀನು?”

“ಹೇಳಿದ್ದೆನ್ರಿ. ಅವತ್ತ, ಮನಿಗೆ ಬಂದು ಚೀಲ ಇಡೂದರಾಗ ಹೇಳಿದ್ದೆ.”

“ನಾ ಏನಂದೆ?”

ರೇಣುಕಾ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“‘ಕಡೀಗೆ ಬಸ್ಸು ಎಷ್ಟಕ್ಕ ಬಂತು?’ ಅಂತ ಕೇಳಿದ್ರಿ. ಆರೂ ಮುಕ್ಕಾಲಕ್ಕ ಅಂದೆ. ಬರಕೊಂಡ್ರಿ. ನಿಮ್ಮ ಪಟ್ಟ್ಯಾಗ ಒಂದನೇ ಸಾಲು ಅದ. ಅದು ನಿಮ್ಮ ಹೆಸರಿನಾಗ ಐತಿ, ಚಿಂತಿ ಮಾಡಬ್ಯಾಡ್ರಿ.”